ತವರುನಾಡಿಗಾಗಿ ಆಡುವ ಹಕ್ಕು

1969ರಲ್ಲಿ ಪಶ್ಚಿಮ ಸಮೋವದಲ್ಲಿ (ಇಂದಿನ ಸಮೋವ) ಜನಿಸಿ, ಬಾಲ್ಯದಲ್ಲಿಯೇ ನ್ಯೂಜಿಲೆಂಡಿಗೆ ಬಂದು, ಆಕ್ಲೆಂಡಿನ ಮೈದಾನಗಳಲ್ಲಿ ಬೆಳೆದು, ಇಪ್ಪತ್ತರ ಹರೆಯದಲ್ಲಿ ಆ ದೇಶದ ರಾಷ್ಟ್ರೀಯ ರಗ್ಬಿ ತಂಡವಾದ ಆಲ್ ಬ್ಲ್ಯಾಕ್ಸ್‌ನ ಕಪ್ಪು ಅಂಗಿಯನ್ನು ಧರಿಸಿದ ವಾಯಿಂಗಾ ತುಯಿಂಗಮಾಲಾ ಅವರ ಕ್ರೀಡಾಜೀವನವನ್ನು ಒಬ್ಬ ಬಲಶಾಲಿಯ ವಿಜಯಗಾಥೆಯೆಂದಷ್ಟೇ ಓದಿದರೆ ಅದರ ಮುಖ್ಯಾರ್ಥವು ಕೈತಪ್ಪಿಹೋಗುತ್ತದೆ. ನ್ಯೂಜಿಲೆಂಡಿನ ಪರವಾಗಿ 19 ಟೆಸ್ಟ್ ಪಂದ್ಯಗಳನ್ನಾಡಿದ ಬಳಿಕ, ಅವರು ಆಡುತ್ತಿದ್ದ ರಗ್ಬಿ ಯೂನಿಯನ್ ಪ್ರಕಾರದಲ್ಲಿ ವೇತನವಿನ್ನೂ ನಿಷಿದ್ಧವಾಗಿದ್ದ ಕಾಲದಲ್ಲಿ, ಅವರು ಇಂಗ್ಲೆಂಡಿನ ವಿಗನ್ ಕ್ಲಬ್ಬಿಗೆ ಹೋಗಿ, ವೇತನ ದೊರೆಯುವ ಇನ್ನೊಂದು ಪ್ರಕಾರವಾದ ರಗ್ಬಿ ಲೀಗ್‌ನ ಆಟಗಾರರಾದರು; 1995ರಲ್ಲಿ ಆ ನಿಷೇಧವು ತೆರವಾದ ತರುವಾಯ, 1997ರಲ್ಲಿ, ನ್ಯೂಕ್ಯಾಸಲ್ ಕ್ಲಬ್ ಸುಮಾರು ಹತ್ತು ಲಕ್ಷ ಪೌಂಡುಗಳನ್ನು ತೆತ್ತು ಅವರನ್ನು ಯೂನಿಯನ್ ಆಟಕ್ಕೆ ಮರಳಿ ತಂದಿತು. ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲವುಗಳಿಗಿಂತ ಹಿರಿದಾದುದು, 1996ರಿಂದ ಅವರು ಹುಟ್ಟಿದ ನಾಡಿನ ಪರವಾಗಿ ಆಡಲು ಕೈಗೊಂಡ ನಿರ್ಧಾರ.

1991ರ ವಿಶ್ವಕಪ್ಪಿನಲ್ಲಿ ಪಶ್ಚಿಮ ಸಮೋವವು ಕಾರ್ಡಿಫ್ ನಗರದಲ್ಲಿ ವೇಲ್ಸನ್ನು 16–13ರಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದಾಗ ಆ ನಾಡಿನ ಈ ಪುತ್ರರು ಅದೇ ಪಂದ್ಯಾವಳಿಯಲ್ಲಿ ನ್ಯೂಜಿಲೆಂಡಿನ ತಂಡದಲ್ಲಿದ್ದರು. 1999ರಲ್ಲಿ ಅದೇ ನಗರದಲ್ಲಿ ವೇಲ್ಸ್ ಮತ್ತೊಮ್ಮೆ 38–31ರಿಂದ ಮಣಿದಾಗ ಅವರು ಸಮೋವದವರೇ ಆಗಿದ್ದರು. ಹೀಗೆ ತಂಡ ಬದಲಿಸಿದುದನ್ನು ದ್ರೋಹವೆಂದು ಕರೆಯಲು ಯಾರಿಗೆ ಮನಸ್ಸು ಬಂದೀತು?

ಆದಾಗ್ಯೂ 2000ದಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿಯು (ಇಂದಿನ ವಿಶ್ವ ರಗ್ಬಿ ಸಂಸ್ಥೆ), ಒಂದು ರಾಷ್ಟ್ರಕ್ಕಾಗಿ ಆಡಿದವನು ಇನ್ನೊಂದಕ್ಕಾಗಿ ಆಡಕೂಡದೆಂದು ವಿಧಿಸಿತು. ಈ ಹಿಂದೆ ಆಲ್ ಬ್ಲ್ಯಾಕ್ಸ್ ಪರ ಆಡಿದ್ದ ಶೇನ್ ಹೋವಾರ್ತ್ ಎಂಬವರು ಇಲ್ಲದ ವೇಲ್ಸ್ ಅಜ್ಜನನ್ನು ಆಧಾರವಾಗಿಟ್ಟುಕೊಂಡು ವೇಲ್ಸ್ ತಂಡವನ್ನು ಸೇರಿದ್ದಂತಹ ಪ್ರಕರಣಗಳನ್ನು ನೆನೆದರೆ, ಆಟಗಾರರು ರಾಷ್ಟ್ರಗಳನ್ನು ಅನುಕೂಲಕ್ಕೆ ತಕ್ಕಂತೆ ಬದಲಿಸುವುದನ್ನು ತಡೆಯಬೇಕೆಂಬ ಉದ್ದೇಶವು ನ್ಯಾಯಸಮ್ಮತವೇ ಆಗಿದ್ದಿತು. ಆದರೆ ಆ ನಿಯಮದ ಭಾರವೆಲ್ಲ ಬಿದ್ದುದು, ಕೇವಲ ಎರಡು ಲಕ್ಷದಷ್ಟು ಜನರಿರುವ ಸಮೋವದಂತಹ ದ್ವೀಪರಾಷ್ಟ್ರದ ಮೇಲೆ. ನ್ಯೂಜಿಲೆಂಡ್ ಇಲ್ಲವೆ ಆಸ್ಟ್ರೇಲಿಯ ಒಬ್ಬ ಸಮೋವ ಮೂಲದ ತರುಣನನ್ನು ಒಂದೇ ಟೆಸ್ಟಿಗೆ ಕರೆದು ಮರುವರ್ಷ ಮರೆತುಬಿಟ್ಟರೂ, ತಂದೆತಾಯಿಗಳ ನಾಡಿನ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತಿದ್ದಿತು. ಸಮೋವದ ರಕ್ತದಿಂದ ಇಷ್ಟೊಂದು ಶಕ್ತಿಯನ್ನು ಪಡೆದ ಆಲ್ ಬ್ಲ್ಯಾಕ್ಸ್ ತಂಡವು ಸಮೋವದ ರಾಜಧಾನಿ ಆಪಿಯಾದಲ್ಲಿ ಪ್ರಥಮ ಟೆಸ್ಟ್ ಆಡಿದುದು 2015ರಲ್ಲಿ ಎಂಬುದನ್ನು ನೆನೆದಾಗ ಮನಸ್ಸು ನೋಯುತ್ತದೆ.

2021ರ ನವೆಂಬರಿನಲ್ಲಿ ನಿಯಮವು ಸಡಿಲವಾಯಿತು: ಮೂರು ವರ್ಷ ಯಾವ ರಾಷ್ಟ್ರದ ಪರವಾಗಿಯೂ ಆಡದಿರುವವನು ತನ್ನ, ತಂದೆತಾಯಿಗಳ ಅಥವಾ ಅಜ್ಜ-ಅಜ್ಜಿಯರ ಜನ್ಮಭೂಮಿಗೆ ಒಮ್ಮೆ ಮರಳಬಹುದು. ಅದರ ಫಲವಾಗಿ ನ್ಯೂಜಿಲೆಂಡಿನ ಲೀಮಾ ಸೊಪೊಆಂಗಾ, ಸ್ಟೀವನ್ ಲುಆತುಆ, ಆಸ್ಟ್ರೇಲಿಯದ ಕ್ರಿಶ್ಚಿಯನ್ ಲೆಆಲಿಇಫಾನೊ 2023ರ ವಿಶ್ವಕಪ್ಪಿನಲ್ಲಿ ಸಮೋವದ ಪರವಾಗಿ ಆಡಿದರು. ಇಂಗ್ಲೆಂಡ್ ಆ ತಂಡವನ್ನು 18–17ರಿಂದ, ಒಂದೇ ಅಂಕದಿಂದ, ಪ್ರಯಾಸಪಟ್ಟು ಗೆದ್ದಿತು. ತುಯಿಂಗಮಾಲಾ ಅದನ್ನು ಕಾಣಲಿಲ್ಲ. 2022ರ ಫೆಬ್ರವರಿಯಲ್ಲಿ, 52ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಹತ್ತು ಹನ್ನೆರಡು ವರ್ಷಗಳಲ್ಲಿ ಮುಗಿದುಹೋಗುವ ವೃತ್ತಿಯಲ್ಲಿ ಮೂರು ವರ್ಷಗಳ ನಿರೀಕ್ಷೆಯೆಂದರೆ, ದೇಹಬಲದ ಉತ್ತಮ ಪಾಲನ್ನು ಶ್ರೀಮಂತ ರಾಷ್ಟ್ರಕ್ಕೆ ಅರ್ಪಿಸಿ ಶೇಷವನ್ನು ತವರಿಗೆ ತರುವುದೆಂದೇ ಅರ್ಥ. ಹಣದ ವಿಷಯದಲ್ಲಿಯೂ ಇದೇ ಅಸಮಾನತೆಯಿದೆ: 2017ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ಸಮೋವ ತಂಡಗಳು ಎದುರಾದಾಗ ಇಂಗ್ಲೆಂಡಿನ ಪ್ರತಿ ಆಟಗಾರನಿಗೆ ಸುಮಾರು 22,000 ಪೌಂಡ್, ಸಮೋವದವನಿಗೆ ಸುಮಾರು 650 ಪೌಂಡ್ ಸಂಭಾವನೆ ದೊರೆಯಿತೆಂದು ಪತ್ರಿಕೆಗಳು ವರದಿ ಮಾಡಿದ್ದವು; ತುಂಬಿದ ಕ್ರೀಡಾಂಗಣದ ಟಿಕೆಟ್ ಹಣವು ರೂಢಿಯಂತೆ ಆತಿಥೇಯರ ಪಾಲಾಯಿತು. ನಿರೀಕ್ಷೆಯ ಅವಧಿಯನ್ನು ಒಂದು ವರ್ಷಕ್ಕೆ ಇಳಿಸುವುದು, ಟಿಕೆಟ್ ಹಣದಲ್ಲಿ ಅತಿಥಿ ತಂಡಕ್ಕೆ ನಿಶ್ಚಿತ ಪಾಲು ಕೊಡುವುದು, ಈ ಎರಡನ್ನೂ ವಿಶ್ವ ರಗ್ಬಿ ಸಂಸ್ಥೆಯು ಒಟ್ಟಿಗೆ ಮಾಡಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ, ಮರಳಿ ಬರಬಯಸುವ ಆಟಗಾರನು ತವರಿಗೂ ತನ್ನ ಸಂಸಾರದ ಜೀವನೋಪಾಯಕ್ಕೂ ನಡುವೆ ಒಂದನ್ನೇ ಆರಿಸಿಕೊಳ್ಳಬೇಕಾದ ಸಂಕಟವು ಉಳಿದೇ ಇರುತ್ತದೆ.