ಡಬ್ಬದ ಊಟಕ್ಕೆ ನಾಚಿಕೆ ಏಕೆ?

ಜುಬೈಲ್‌ನಲ್ಲಿ ಕೆಲಸ ಮಾಡುವ ಮಗ ಮೊನ್ನೆ ರಾತ್ರಿ ವೀಡಿಯೋ ಕರೆ ಮಾಡಿದ್ದ. ನಮಗಿಲ್ಲಿ ಹನ್ನೊಂದು ಗಂಟೆ, ಅವನಿಗಲ್ಲಿ ಎಂಟೂವರೆ. ಡ್ಯೂಟಿ ಮುಗಿಸಿ ಆಗಷ್ಟೇ ರೂಮಿಗೆ ಬಂದಿದ್ದ. "ಊಟಕ್ಕೇನು ಮಾಡಿದ್ದೀ?" ಎಂದು ಕೇಳಿದೆ. ಮುಂದಿದ್ದ ತಟ್ಟೆಯನ್ನು ಮೆಲ್ಲನೆ ಕ್ಯಾಮರಾದಿಂದ ಆಚೆ ಸರಿಸಿದ. ಒತ್ತಾಯಿಸಿದ ಮೇಲೆ ತೋರಿಸಿದ. ಒಂದು ಡಬ್ಬ ಟ್ಯೂನಾ ಮೀನು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಹಿಂಡಿದ ಅರ್ಧ ಲಿಂಬೆ, ಎರಡು ಕುಬ್ಬೂಸ್, ಪಕ್ಕದಲ್ಲಿ ಒಂದು ಸೌತೆಕಾಯಿ. "ಇವತ್ತು ಒಂದು ದಿವಸ ಮಾತ್ರ ಉಮ್ಮಾ, ದಿನಾ ಟಿನ್ ಫುಡ್ ತಿನ್ನುವುದಿಲ್ಲ" ಎಂದು ತಾನಾಗಿಯೇ ಸಮಜಾಯಿಷಿ ಕೊಟ್ಟ.

ನನಗೆ ಬೇಸರವಾದದ್ದು ಅವನ ಊಟ ನೋಡಿ ಅಲ್ಲ, ಆ ಸಮಜಾಯಿಷಿ ಕೇಳಿ. ಅದೇ ರೂಮಿನ ಇನ್ನೊಬ್ಬ ಹುಡುಗ ಆ ಹೊತ್ತಿಗೆ ಎಣ್ಣೆಯಲ್ಲಿ ಕರಿದ ಕೋಳಿ, ಆಲೂಗಡ್ಡೆ ಚಿಪ್ಸ್, ದೊಡ್ಡ ಬಾಟಲಿ ತಂಪು ಪಾನೀಯ ತರಿಸಿಕೊಂಡು ಕುಳಿತಿದ್ದ. ಅವನಿಗೆ ಅದನ್ನು ಮರೆಮಾಚಬೇಕೆಂದು ಅನ್ನಿಸಲಿಲ್ಲ. ಹೋಟೆಲಿನಿಂದ ಬಂದದ್ದು ಊಟ, ಡಬ್ಬದಿಂದ ಬಂದದ್ದು ಸೋಮಾರಿತನ! ಈ ಲೆಕ್ಕವನ್ನು ನಮ್ಮ ಮಕ್ಕಳಿಗೆ ಕಲಿಸಿದವರು ನಾವೇ.

ನಮ್ಮ ಕರಾವಳಿಯ ಮನೆಗಳಲ್ಲಿ ಡಬ್ಬದ ಬಗ್ಗೆ ಇರುವ ಧೋರಣೆಯೇ ವಿಚಿತ್ರ. ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚಿದಾಗ ಹೊರಬರುವ ಚೀಸ್ ಡಬ್ಬ, ಕ್ರೀಮ್ ಡಬ್ಬ, ಸಿಹಿ ಹಾಲಿನ ಡಬ್ಬಗಳನ್ನು ಶೋಕೇಸಿನಲ್ಲಿಡುವಷ್ಟು ಗೌರವದಿಂದ ಕಾಣುತ್ತೇವೆ. ಸೊಸೆಯೊಬ್ಬಳು ಬೇಯಿಸಿದ ಕಡಲೆಯ ಡಬ್ಬ ಒಡೆದು ಸಾರು ಮಾಡಿದರೆ "ಕಡಲೆ ನೆನೆಹಾಕುವುದಕ್ಕೂ ಉದಾಸೀನವಾ?" ಎನ್ನುತ್ತೇವೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಮರ್ಯಾದೆ ಸಲ್ಲಬೇಕಾದದ್ದು ಕಡಲೆಯ ಡಬ್ಬಕ್ಕೆ. ಸಿಹಿ ಹಾಲಿನ ಡಬ್ಬದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಇರುವುದು ಸಕ್ಕರೆ. ಅದನ್ನು ಹಾಲೆಂದು ನಂಬಿ ಮಕ್ಕಳಿಗೆ ಬ್ರೆಡ್ಡಿಗೆ ಸವರಿ ಕೊಡುವ ಮನೆಗಳು ಈಗಲೂ ಇವೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಯಜಮಾನರು ಹದಿನಾರು ವರ್ಷ ಅಲ್ಲಿ ಒಂದೇ ರೂಮಿನಲ್ಲಿ ಆರು ಜನರೊಂದಿಗೆ ಇದ್ದವರು. ಬೆಳಿಗ್ಗೆ ಐದಕ್ಕೆ ಕೆಲಸದ ಬಸ್ಸು. ಆದ್ದರಿಂದ ನಾಷ್ಟಾಕ್ಕೆ ಕೋಳಿ ಮಾಂಸದ ಲಂಚನ್ ಮೀಟ್ ಡಬ್ಬ ಒಡೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಹುರಿದು ಕುಬ್ಬೂಸ್ ಜೊತೆ ತಿನ್ನುವುದು ಅಭ್ಯಾಸ. ಇಬ್ಬರಿಗೆ ಒಂದು ಡಬ್ಬ. ರಜೆಯಲ್ಲಿ ಊರಿಗೆ ಬಂದಾಗ ತಲೆಸುತ್ತು ಎಂದು ಡಾಕ್ಟರರ ಬಳಿ ಹೋದೆವು. ಬಿಪಿ ನೋಡಿ ಅವರು ಎರಡನೇ ಸಲ ಅಳೆದರು. ಉಪ್ಪು ಕಡಿಮೆ ಮಾಡಿ ಎಂದರು. "ನಾನು ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುವುದೇ ಇಲ್ಲ ಡಾಕ್ಟ್ರೇ" ಎಂದರು ಇವರು. ಅದು ನಿಜವೂ ಆಗಿತ್ತು. ಆ ಡಬ್ಬದಿಂದಲೇ ಬಿಪಿ ಬಂತು ಎಂದು ಡಾಕ್ಟರರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಉಪ್ಪು ಎಲ್ಲಿಂದ ಹೊಟ್ಟೆ ಸೇರುತ್ತಿತ್ತು ಎಂಬುದು ಗೊತ್ತಾದದ್ದು ಡಬ್ಬದ ಹಿಂಬದಿ ಓದಿದ ಮೇಲೆಯೇ.

ಆ ಲೆಕ್ಕ ಹೀಗಿದೆ. ಡಬ್ಬದ ಮೇಲೆ ಸಾಮಾನ್ಯವಾಗಿ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು ಒಂದು ಗ್ರಾಂ ಉಪ್ಪು. ಇಂಥ ಮಾಂಸದ ಡಬ್ಬಗಳಲ್ಲಿ 100 ಗ್ರಾಂಗೆ 900 ಮಿಲಿಗ್ರಾಂ ಸೋಡಿಯಂ ಇರುವುದು ಅಪರೂಪವೇನಲ್ಲ. ಹಾಗಿದ್ದರೆ 340 ಗ್ರಾಂನ ಒಂದು ಡಬ್ಬದಲ್ಲಿ ಏಳೂವರೆ ಗ್ರಾಂ ಉಪ್ಪು. ಅರ್ಧ ಡಬ್ಬ ತಿಂದವನ ಹೊಟ್ಟೆಗೆ ಸೂರ್ಯ ಹುಟ್ಟುವ ಮೊದಲೇ ನಾಲ್ಕು ಗ್ರಾಂಗೆ ಹತ್ತಿರ ಉಪ್ಪು ಸೇರಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಇದಲ್ಲದೆ ಇನ್ನೊಂದು ವಿಷಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂನಂತೆ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದಿತು. ಯಾವಾಗಲೋ ಒಮ್ಮೆ ತಿಂದವರು ಗಾಬರಿಪಡಬೇಕಾಗಿಲ್ಲ. ದಿನಾ ತಿನ್ನುವವರು ಯೋಚಿಸಬೇಕು. ಹಲಾಲ್ ಮುದ್ರೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮಾಂಸದ ಡಬ್ಬ ಕೊಳ್ಳುವಾಗ ಆ ಮುದ್ರೆ ನೋಡಲೇಬೇಕು, ಸರಿ. ಆದರೆ ಅದು ಉಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾದರೆ ಡಬ್ಬವೇ ಬೇಡ ಎನ್ನಬಹುದಲ್ಲವೇ? ನಾನು ಹಾಗೆ ಹೇಳುವುದಿಲ್ಲ. "ಡಬ್ಬದಲ್ಲಿರುವುದೆಲ್ಲ ಕೆಮಿಕಲ್" ಎಂಬ ಮಾತು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಕೇಳುತ್ತದೆ. ಕಡಲೆ, ಮೀನಿನಂಥ ಡಬ್ಬ ಕೆಡದೆ ಉಳಿಯುವುದು ಕೆಮಿಕಲ್ಲಿನಿಂದಲ್ಲ, ಬಿಸಿಯಿಂದ. ಆಹಾರ ತುಂಬಿಸಿ, ಗಾಳಿ ಹೋಗದಂತೆ ಮುಚ್ಚಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಒಳಗಿನ ರೋಗಾಣುಗಳು ಸಾಯುತ್ತವೆ, ಹೊರಗಿನವು ಒಳಗೆ ಹೋಗಲಾರವು. 1810ರ ಸುಮಾರಿಗೆ ನಿಕೊಲಾ ಅಪೇರ್ ಎಂಬ ಫ್ರೆಂಚ್ ಅಡುಗೆಯವನು ಗಾಜಿನ ಬಾಟಲಿಗಳಲ್ಲಿ ಈ ವಿಧಾನ ಕಂಡುಹಿಡಿದು ಸರಕಾರದಿಂದ ಬಹುಮಾನ ಪಡೆದ. ಆಹಾರ ಯಾಕೆ ಕೆಡುವುದಿಲ್ಲ ಎಂಬುದು ಅವನಿಗೇ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಅದನ್ನು ವಿವರಿಸುವಾಗ ಅರ್ಧ ಶತಮಾನ ಕಳೆದಿತ್ತು. ಬಿಸಿಗೆ ವಿಟಮಿನ್ ಸಿ ಒಂದಷ್ಟು ನಷ್ಟವಾಗುತ್ತದೆ, ನಿಜ. ಮೇಲಿನಿಂದ ಹಿಂಡುವ ಲಿಂಬೆ ಅದನ್ನು ತುಂಬಿಕೊಡುತ್ತದೆ. ಪ್ರೋಟೀನ್, ನಾರು, ಕಬ್ಬಿಣ ಹೆಚ್ಚೂ ಕಡಿಮೆ ಹಾಗೆಯೇ ಇರುತ್ತವೆ.

ಉಪ್ಪಿನ ತೊಂದರೆಗೆ ಉಪಾಯವನ್ನು ನಮ್ಮ ಹಿರಿಯರೇ ಕಲಿಸಿದ್ದಾರೆ. ಮಳೆಗಾಲಕ್ಕೆಂದು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದೆವಲ್ಲ, ಅದನ್ನು ಯಾರಾದರೂ ಹಾಗೆಯೇ ಪಲ್ಯ ಮಾಡುತ್ತಾರೆಯೇ? ನೀರಿನಲ್ಲಿ ಹಾಕಿ, ಹಿಂಡಿ, ಉಪ್ಪು ಬಿಡಿಸಿದ ಮೇಲೆಯೇ ಒಲೆಗೆ. ಒಣಮೀನಿಗೂ ಅದೇ ಕ್ರಮ. ಡಬ್ಬದ ಕಡಲೆಯನ್ನೂ ಹಾಗೆಯೇ ಜರಡಿಗೆ ಸುರಿದು, ಆ ಮಂದ ನೀರನ್ನು ಚೆಲ್ಲಿ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದರೆ ಸೋಡಿಯಂ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಆಮೇಲೆ ಅಡುಗೆಗೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ. ಅಂದಹಾಗೆ 400 ಗ್ರಾಂ ಎಂದು ಬರೆದ ಡಬ್ಬದಲ್ಲಿ ಕಡಲೆ ಇರುವುದು ಸುಮಾರು 240 ಗ್ರಾಂ, ಉಳಿದದ್ದು ನೀರು. ದರ ಹೋಲಿಸುವಾಗ ಇದು ನೆನಪಿರಲಿ.

ನನ್ನ ಮೆಚ್ಚಿನ ಡಬ್ಬ ಯಾವುದೆಂದು ಕೇಳಿದರೆ ಕಣ್ಣುಮುಚ್ಚಿ ಈ ಕಡಲೆಯೆಂದೇ ಹೇಳುವೆ. ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಎರಡು ಟೊಮೆಟೊ ಬಾಡಿಸಿ, ಮಸಾಲೆ ಹುಡಿ ಹಾಕಿ, ತೊಳೆದ ಕಡಲೆ ಸೇರಿಸಿ ಹತ್ತು ನಿಮಿಷ ಕುದಿಸಿದರೆ ಪತ್ತಿರಿಗೂ ಸೈ, ಚಪಾತಿಗೂ ಸೈ. ಒಣ ಕಡಲೆಯಾದರೆ ರಾತ್ರಿಯಿಡೀ ನೆನೆಯಬೇಕು, ಮತ್ತೆ ಅರ್ಧ ಗಂಟೆ ಕುಕ್ಕರಿನಲ್ಲಿ ಬೇಯಬೇಕು. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಊರಿನಲ್ಲಿರುವವರ ಮಾತು ಬೇರೆ. ಇಲ್ಲಿ ಒಂದು ಡಬ್ಬದ ಬೆಲೆಗೆ ಸಾಕಷ್ಟು ಒಣ ಕಡಲೆ ಸಿಗುತ್ತದೆ. ನಾನು ರಜಾದಿನ ಒಂದು ಕಿಲೋ ಬೇಯಿಸಿ, ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಝರಿನಲ್ಲಿಡುತ್ತೇನೆ. ಅದೇ ನಮ್ಮನೆಯ ಡಬ್ಬ.

ಮೀನಿನ ವಿಷಯದಲ್ಲಿಯೂ ಹಾಗೆಯೇ. ಬೆಳಿಗ್ಗೆ ಬಾಗಿಲಿಗೆ ತಾಜಾ ಬೂತಾಯಿ ಬರುವ ಊರಿನಲ್ಲಿ ಡಬ್ಬದ ಮೀನು ಯಾರಿಗೂ ಬೇಡ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧದ ಸಮಯದಲ್ಲಿ ಮೀನಿನ ಬೆಲೆ ಕೇಳಿಯೇ ಹಿಂದೆ ಬರಬೇಕಾಗುತ್ತದೆ. ಪರದೇಶದ ರೂಮುಗಳಲ್ಲಂತೂ ಮೀನು ಹುರಿದರೆ ಪಕ್ಕದವರ ದೂರು. ಅಲ್ಲಿ ಟೊಮೆಟೊ ಸಾಸಿನಲ್ಲಿಟ್ಟ ಬೂತಾಯಿ ಡಬ್ಬ ಒಳ್ಳೆಯ ಗೆಳೆಯ. ಕರಿಬೇವು, ಈರುಳ್ಳಿ, ಕರಿಮೆಣಸು ಹಾಕಿ ಬಿಸಿ ಮಾಡಿದರೆ ಐದು ನಿಮಿಷದಲ್ಲಿ ಅನ್ನಕ್ಕೆ ಸಾರು ಸಿದ್ಧ. ಮುಳ್ಳು ಮೆತ್ತಗಾಗಿರುವುದರಿಂದ ಅದನ್ನೂ ತಿನ್ನಬಹುದು, ಕ್ಯಾಲ್ಸಿಯಂ ಸಿಗುತ್ತದೆ. ಟ್ಯೂನಾ ಕೊಳ್ಳುವುದಾದರೆ ಎಣ್ಣೆಯಲ್ಲಿಟ್ಟದ್ದಕ್ಕಿಂತ ನೀರಿನಲ್ಲಿಟ್ಟದ್ದು ಮೇಲು. ಗರ್ಭಿಣಿಯರು ಮಾತ್ರ 'ವೈಟ್' ಅಥವಾ 'ಅಲ್ಬಕೋರ್' ಎಂದು ಬರೆದದ್ದನ್ನು ಬಿಟ್ಟು 'ಲೈಟ್' ಅಥವಾ 'ಸ್ಕಿಪ್‌ಜ್ಯಾಕ್' ಎಂದಿರುವುದನ್ನು ಆರಿಸಿ, ಅದನ್ನೂ ವಾರಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ತಿನ್ನದಿರುವುದು ಒಳ್ಳೆಯದು. ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು. ಬೂತಾಯಿಗೆ ಆ ಕಾಟ ತೀರ ಕಡಿಮೆ.

ಗಲ್ಫಿನವರ ಪ್ರೀತಿಯ ಇನ್ನೊಂದು ಡಬ್ಬ ಫೂಲ್. ಲಿಂಬೆ, ಜೀರಿಗೆ, ಆಲಿವ್ ಎಣ್ಣೆ ಹಾಕಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ನೆನಪಿರುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಲ್ಲಿ ಇರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥವರು ಫೂಲ್ ತಿಂದರೆ ರಕ್ತದ ಕೆಂಪುಕಣಗಳು ಒಡೆಯಬಹುದು. ಒಂದೆರಡು ದಿನದಲ್ಲಿ ಕಣ್ಣು ಹಳದಿಯಾಗುವುದು, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು, ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಈ ಕೊರತೆಯಿದೆ ಎಂದು ಡಾಕ್ಟರರು ಹೇಳಿದ್ದರೆ ಫೂಲ್ ಅವರಿಗಲ್ಲ.

ಸ್ವಚ್ಛತೆಯ ವಿಚಾರದಲ್ಲಿ ನಾವು ತಪ್ಪುವುದು ಡಬ್ಬ ಒಡೆದ ಮೇಲೆ. ಗೋದಾಮಿನಲ್ಲಿ, ಅಂಗಡಿಯಲ್ಲಿ ಧೂಳು ತಿಂದ ಮುಚ್ಚಳವನ್ನು ಒರೆಸದೆ ಒಡೆಯುತ್ತೇವೆ. ಆ ಧೂಳೆಲ್ಲ ಒಳಗೆ. ಉಳಿದದ್ದನ್ನು ಅದೇ ಡಬ್ಬದಲ್ಲಿ ಫ್ರಿಜ್ಜಿಗೆ ತಳ್ಳುತ್ತೇವೆ. ಅದನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ತೆಗೆದು ಮುಚ್ಚಿಡಬೇಕು, ಮೀನಾದರೆ ಎರಡು ದಿನದೊಳಗೆ ಮುಗಿಸಬೇಕು. ಒಡೆದ ಟ್ಯೂನಾವನ್ನು ಸೆಕೆಯಲ್ಲಿ ಮೇಜಿನ ಮೇಲೆ ಬಿಟ್ಟು ಹೋದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಮತ್ತೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯತೊಡಗುತ್ತದೆ.

ಇನ್ನು, ಉಬ್ಬಿದ ಡಬ್ಬ. ಎರಡೂ ತುದಿ ಉಬ್ಬಿದ್ದರೆ, ಒಡೆಯುವಾಗ ನೀರು ಚಿಮ್ಮಿದರೆ, ಅಂಚಿನ ಹೊಲಿಗೆಯ ಜಾಗದಲ್ಲಿ ನೆಗ್ಗಿದ್ದರೆ ಅಥವಾ ತುಕ್ಕು ತಿಂದು ಜಿನುಗುತ್ತಿದ್ದರೆ ಎಸೆದುಬಿಡಿ. "ಸ್ವಲ್ಪ ರುಚಿ ನೋಡುತ್ತೇನೆ" ಎಂಬ ಬುದ್ಧಿವಂತಿಕೆ ಬೇಡ. ಬಾಟ್ಯುಲಿಸಂ ಎಂಬ ವಿಷ ಅಪರೂಪವಾದರೂ ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು. ಅದಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದೂ ಇಲ್ಲ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ನಿಲ್ಲುವ ಕಾರಿನ ಡಿಕ್ಕಿಯನ್ನು ದಾಸ್ತಾನು ಕೋಣೆ ಮಾಡಿಕೊಂಡವರನ್ನು ನೋಡಿದ್ದೇನೆ, ಅವರಿಗೂ ಈ ಮಾತು.

ರಮಝಾನಿನ ಸಹರಿಗೆ ಉಪ್ಪಿನ ಡಬ್ಬ ಒಡೆಯುವವರು ಆ ದಿನದ ಬಾಯಾರಿಕೆಯಲ್ಲಿ ಅದರ ಬೆಲೆ ತೆರುತ್ತಾರೆ. ಅದೇ ಸಹರಿಗೆ ತೊಳೆದ ಕಡಲೆಗೆ ಮೊಸರು ಬೆರೆಸಿ, ಪುದೀನ ಉದುರಿಸಿ ಬಡಿಸಿದರೆ ಹೊಟ್ಟೆಗೂ ಹಿತ, ಮೂರು ಗಂಟೆಗೆ ಎದ್ದು ಒಲೆಯ ಮುಂದೆ ನಿಲ್ಲುವವಳಿಗೂ ಅರ್ಧ ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ. ಆ ಅರ್ಧ ಗಂಟೆಯನ್ನು ಉದಾಸೀನ ಎಂದು ಕರೆಯುವವರು ಒಂದು ವಾರ ತಾವೇ ಎದ್ದು ನೋಡಲಿ.

ಮಗನಿಗೆ ಮರುದಿನ ನಾನೇ ಕರೆ ಮಾಡಿದೆ. ಟ್ಯೂನಾ ಅಡ್ಡಿಯಿಲ್ಲ, ಸೌತೆಕಾಯಿ ಇದ್ದದ್ದು ಇನ್ನೂ ಒಳ್ಳೆಯದಾಯಿತು, ಡಬ್ಬದ ಹಿಂಬದಿಯ ಫೋಟೋ ಕಳಿಸು ಎಂದೆ. ಕಳಿಸಿದ. ಸೋಡಿಯಂ ತುಸು ಜಾಸ್ತಿಯೇ ಇತ್ತು. ನೀರು ಬಸಿದು ಒಮ್ಮೆ ತೊಳೆದುಕೋ ಎಂದೆ. "ತೊಳೆದರೆ ರುಚಿ ಹೋಗುತ್ತದೆ ಉಮ್ಮಾ" ಎಂದ. ಇನ್ನೊಂದು ಲಿಂಬೆ ಹಿಂಡು ಎಂದೆ. ಪಕ್ಕದಲ್ಲಿ ಕುಳಿತು ಬಿಪಿ ಮಾತ್ರೆ ನುಂಗುತ್ತಿದ್ದ ಅವನ ಅಪ್ಪ ಫೋನ್ ಕಸಿದುಕೊಂಡು ಕೇಳಿದರು: "ಲಂಚನ್ ಮೀಟ್ ತರುತ್ತಿಲ್ಲ ತಾನೆ?"