ಹಳೆಯ ವಾಚು ಕೊಳ್ಳುವ ಮುನ್ನ

ಕೆಲಸಕ್ಕೆ ಸೇರಿ ವರ್ಷ ತುಂಬಿದ ಹುಡುಗನೊಬ್ಬ, ಕೂಡಿಟ್ಟ ಹಣದಲ್ಲಿ ಹಳೆಯ ಒಮೆಗಾ ವಾಚೊಂದನ್ನು ಕೊಳ್ಳಬೇಕೆಂದಿರುವುದಾಗಿ ಮನೆಯಲ್ಲಿ ಹೇಳುತ್ತಾನೆ ಎಂದಿಟ್ಟುಕೊಳ್ಳಿ. ತಂದೆಗೆ ಅಚ್ಚರಿ, ಜೊತೆಗೆ ಸ್ವಲ್ಪ ಸಿಟ್ಟು.

"ಅಷ್ಟು ದುಡ್ಡು ಕೊಟ್ಟು ಯಾರೋ ಕಟ್ಟಿ ಬಿಟ್ಟ ವಾಚು ಯಾಕೋ? ಹೊಸದೇ ತಗೋಬಾರದಾ?"

"ಅಪ್ಪಾ, ಅದು 1960ರ ಸುಮಾರಿನದು. ಅಂಥದ್ದು ಈಗ ಎಲ್ಲಿ ಮಾಡ್ತಾರೆ?"

ಇಬ್ಬರ ಮಾತಿನಲ್ಲೂ ನಿಜವಿದೆ. ಹಳೆಯ ಒಳ್ಳೆಯ ವಾಚು ಕೈಯ ಮೇಲಿನ ಒಂದು ಸಣ್ಣ ಭೌತಶಾಸ್ತ್ರ ಪ್ರಯೋಗಾಲಯ. ಆದರೆ ತಿಳಿಯದವನ ಹಣ ಬಲುಬೇಗ ಕರಗುವ ಜಾಗಗಳಲ್ಲಿ ಹಳೆಯ ವಾಚಿನ ಪೇಟೆಯೂ ಒಂದು.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಸರಿಯಾದ ವೇಳೆ ತಿಳಿಯುವುದಕ್ಕೇ ಆದರೆ ಇಂಥ ವಾಚು ಬೇಕಾಗಿಲ್ಲ. ಫುಟ್‌ಪಾತಿನ ಅಗ್ಗದ ಕ್ವಾರ್ಟ್ಸ್ ವಾಚು ಅದಕ್ಕಿಂತ ನಿಖರ. ಅದರೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹದಿನೈದನೇ ಘಾತಕ್ಕೆ ಬರುವ ಸಂಖ್ಯೆ ಇದು. ಇಲೆಕ್ಟ್ರಾನಿಕ್ ಮಂಡಲ ಇದನ್ನು ಹದಿನೈದು ಬಾರಿ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಕೀ ಕೊಡುವ ಹಳೆಯ ವಾಚಿನ ಬ್ಯಾಲೆನ್ಸ್ ಚಕ್ರವಾದರೋ ಸಾಮಾನ್ಯವಾಗಿ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ಮಾತ್ರ ಬಡಿಯುತ್ತದೆ.

ಹಾಗೆಂದು ಅದನ್ನು ಕೀಳೆನ್ನುವಂತಿಲ್ಲ. ದಿನಕ್ಕೆ 86,400 ಸೆಕೆಂಡು. ಅರವತ್ತು ವರ್ಷದ ಹಳೆಯ ವಾಚು ದಿನಕ್ಕೆ 20 ಸೆಕೆಂಡು ತಪ್ಪಿದರೂ ಅದರ ನಿಖರತೆ ನೂರಕ್ಕೆ 99.97. ಇಷ್ಟು ಅಂಕ ತಂದ ಮಗನನ್ನು ಯಾವ ತಂದೆಯೂ ಗದರಿಸಲಾರ!

ಈ ನಿಖರತೆ ಸುಮ್ಮನೆ ಬಂದುದಲ್ಲ. 1675ರಲ್ಲಿ ಹೈಗೆನ್ಸ್ ಎಂಬ ಡಚ್ ವಿಜ್ಞಾನಿ ಬ್ಯಾಲೆನ್ಸ್ ಚಕ್ರಕ್ಕೆ ಸುರುಳಿ ಸ್ಪ್ರಿಂಗು ಜೋಡಿಸಿದ ವಾಚನ್ನು ಲೋಕಕ್ಕೆ ತಿಳಿಸಿದ. ಲೋಲಕಕ್ಕೆ ಗುರುತ್ವ ಹೇಗೋ ಈ ಚಕ್ರಕ್ಕೆ ಸ್ಪ್ರಿಂಗು ಹಾಗೆ. ಆದರೆ ಉಕ್ಕಿನ ಸ್ಪ್ರಿಂಗಿಗೆ ಒಂದು ದೋಷವಿತ್ತು. ಬಿಸಿಯೇರಿದಂತೆ ಅದರ ಬಿಗಿ ಸಡಿಲವಾಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ದಿನಕ್ಕೆ ಹತ್ತಕ್ಕೂ ಹೆಚ್ಚು ಸೆಕೆಂಡು ವಾಚು ಹಿಂದೆ ಬೀಳುತ್ತಿತ್ತು. ಇದನ್ನು ನೀಗಿದ ಮುಖ್ಯರಲ್ಲಿ ಒಬ್ಬ ಸ್ವಿಟ್ಸರ್ಲೆಂಡಿನ ವಾಚು ತಯಾರಕರ ಮನೆಯ ಹುಡುಗ, ಶಾರ್ಲ್ ಎದುವಾರ್ ಗಿಯೋಮ್. ಕಬ್ಬಿಣ ಮತ್ತು ನಿಕ್ಕಲ್ ಬೆರೆಸಿ, ಶಾಖಕ್ಕೆ ಹಿಗ್ಗದ ಇನ್ವಾರ್ ಎಂಬ ಮಿಶ್ರಲೋಹವನ್ನೂ, ಶಾಖಕ್ಕೆ ಬಿಗಿ ಕಳೆದುಕೊಳ್ಳದ ಎಲಿನ್ವಾರ್ ಎಂಬ ಇನ್ನೊಂದನ್ನೂ ಅವನು ಕಂಡುಹಿಡಿದ. 1920ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಅವನಿಗೆ ಸಂದಿತು. ಮರುವರ್ಷದ ಬಹುಮಾನ ಐನ್‌ಸ್ಟೈನರಿಗೆ. ಐನ್‌ಸ್ಟೈನರ ಹೆಸರು ಎಲ್ಲರಿಗೂ ಗೊತ್ತು. ಗಿಯೋಮ್‌ನ ಕೆಲಸ ಕೋಟ್ಯಂತರ ಜನರ ಮಣಿಕಟ್ಟಿನ ಮೇಲೆ ಓಡಿದರೂ ಅವನ ಹೆಸರು ಬಲ್ಲವರು ಕಡಿಮೆ.

ಈ ಕಲೆಗೆ ದೊಡ್ಡ ಪೆಟ್ಟು ಬಿದ್ದದ್ದು 1969ರ ಡಿಸೆಂಬರ್ 25ರಂದು. ಜಪಾನಿನ ಸೈಕೊ ಕಂಪೆನಿ ಅಂದು ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. 1970ರಲ್ಲಿ ಸುಮಾರು 90,000 ಜನರಿಗೆ ಅನ್ನ ಕೊಡುತ್ತಿದ್ದ ಸ್ವಿಸ್ ವಾಚು ಉದ್ಯಮ, ಎಂಬತ್ತರ ದಶಕದ ನಡುವಿಗೆ ಬರುವಾಗ ಅದರ ಮೂರನೇ ಒಂದು ಭಾಗಕ್ಕೆ ಕುಗ್ಗಿತ್ತು. ಸಂಗ್ರಾಹಕರು ಇಂದು ಹುಡುಕುವುದು ಹೆಚ್ಚಾಗಿ ಆ ಬಿರುಗಾಳಿಗೆ ಮುಂಚಿನ ವಾಚುಗಳನ್ನು. ಹೊಸಬರಿಗೆ ಅವುಗಳಲ್ಲಿ ಒಮೆಗಾ ಕಂಪೆನಿಯ ಸೀಮಾಸ್ಟರ್ ಒಳ್ಳೆಯ ಆರಂಭ. 1948ರಲ್ಲಿ, ಕಂಪೆನಿಗೆ ನೂರು ವರ್ಷ ತುಂಬಿದಾಗ ಬಂದದ್ದು ಇದು. ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಬಹಳ ಸಂಖ್ಯೆಯಲ್ಲಿ ತಯಾರಾದುದರಿಂದ ಇಂದಿಗೂ ಸಿಗುತ್ತದೆ, ರಿಪೇರಿ ಬಲ್ಲವರೂ ಇದ್ದಾರೆ. ಅಪರೂಪದ ವಾಚನ್ನೇ ಮೊದಲು ಕೊಳ್ಳುವವನು ಕಲಿಯುವ ಮೊದಲೇ ಪರೀಕ್ಷೆಗೆ ಕುಳಿತಂತೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಡಯಲನ್ನು. ಹಳೆಯ ವಾಚಿನ ಬೆಲೆಯ ಬಹುಪಾಲು ನಿಂತಿರುವುದು ಅದರ ಮುಖದ ಮೇಲೆ. ನಮ್ಮಲ್ಲಿ ಒಂದು ಅಭ್ಯಾಸವಿದೆ. ಡಯಲ್ ಮಾಸಿತೆಂದರೆ ಅದನ್ನು ಉಜ್ಜಿ ಹೊಸದಾಗಿ ಬಣ್ಣ ಹೊಡೆದು, ಅಕ್ಷರ ಅಚ್ಚೊತ್ತಿ ಕೊಡುವುದು. ಮದುವೆಮನೆಗೆ ಸುಣ್ಣ ಬಳಿದಂತೆ ಥಳಥಳಿಸುತ್ತದೆ. ಇಂಥ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಅಡ್ಡಹೆಸರು ಇಟ್ಟುಬಿಟ್ಟಿದ್ದಾರೆ. ಅದು ಹೊಗಳಿಕೆಯಲ್ಲ. ಕಡುನೀಲಿ, ಕೆಂಪು, ಹಸಿರು ಬಣ್ಣದ ಡಯಲ್ ಹೊತ್ತ ಐವತ್ತರ ದಶಕದ ವಾಚು ಕಡಿಮೆ ಬೆಲೆಗೆ ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುವುದು ಲೇಸು.

ಪತ್ತೆಹಚ್ಚಲು ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಮೂಲ ಡಯಲಿನ ಅಕ್ಷರಗಳ ಅಂಚು ಚೂಪಾಗಿ, ಗೆರೆಗಳ ದಪ್ಪ ಒಂದೇ ಸಮನಾಗಿ ಇರುತ್ತದೆ. ಮರುಬಣ್ಣದ ಡಯಲಿನಲ್ಲಿ ಅಕ್ಷರಗಳು ಊದಿಕೊಂಡಿರುತ್ತವೆ, ಸಾಲು ಓರೆಯಾಗಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳ ನೇರಕ್ಕೆ ಬರುವುದಿಲ್ಲ. ಆರರ ಕೆಳಗೆ ಅಂಚಿನಲ್ಲಿರಬೇಕಾದ ‘ಸ್ವಿಸ್ ಮೇಡ್’ ಕೆಲವೊಮ್ಮೆ ಕಾಣೆಯಾಗಿರುತ್ತದೆ. ಪ್ಲಾಸ್ಟಿಕ್ ಗಾಜುಳ್ಳ ಹಳೆಯ ಒಮೆಗಾಗಳಲ್ಲಿ ಇನ್ನೊಂದು ಗುರುತುಂಟು. ಮೂಲ ಗಾಜಿನ ನಟ್ಟನಡುವೆ, ಮುಳ್ಳುಗಳು ಕೂಡುವ ಜಾಗದ ಮೇಲೆ, ಕಂಪೆನಿಯ ಚಿಹ್ನೆಯನ್ನು ಸಾಸಿವೆಗಿಂತ ಚಿಕ್ಕದಾಗಿ ಒತ್ತಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಇಲ್ಲದಿದ್ದರೆ ಗಾಜು ಬದಲಾಗಿದೆ ಎಂದಷ್ಟೇ ಅರ್ಥ. ಅದೇನೂ ದೊಡ್ಡ ಅಪರಾಧವಲ್ಲ.

ಮುಂದೆ ಕವಚ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಒಂದಿಷ್ಟು ಲೋಹ ಸವೆಯುತ್ತದೆ. ಪಟ್ಟಿ ಸಿಕ್ಕಿಸುವ ಕೊಂಬುಗಳ ಮೂಲೆ ಸಾಬೂನಿನ ಬಿಲ್ಲೆಯಂತೆ ದುಂಡಗಾಗಿದ್ದರೆ ಹಲವು ಬಾರಿ ಉಜ್ಜಲಾಗಿದೆ ಎಂದೇ ತಿಳಿಯಬೇಕು. ಗೀರುಗಳಿದ್ದೂ ಮೂಲೆ ಚೂಪಾಗಿರುವ ವಾಚು ಇದಕ್ಕಿಂತ ಮೇಲು. ಚಿನ್ನದ ವಾಚು ಎಂದು ಹೇಳಿದರೆ ಹಿಂಬದಿಯ ಮುಚ್ಚಳದ ಮುದ್ರೆ ನೋಡಬೇಕು. 1995ರವರೆಗಿನ ಸ್ವಿಸ್ 18 ಕ್ಯಾರೆಟ್ ಚಿನ್ನಕ್ಕೆ ಹೆಲ್ವೇಷಿಯಾ ಎಂಬ ಸ್ತ್ರೀಯ ತಲೆ, 14 ಕ್ಯಾರೆಟ್ಟಿಗೆ ಅಳಿಲು ಗುರುತಾಗಿತ್ತು. ‘20 ಮೈಕ್ರಾನ್’ ಎಂದು ಕೊರೆದಿದ್ದರೆ ಅದು ಗಿಲೀಟು, ಎಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ದಪ್ಪದ ಚಿನ್ನ. ಕೊಂಬಿನ ಮೂಲೆಯಲ್ಲಿ ಹಿತ್ತಾಳೆ ಇಣುಕುತ್ತಿದ್ದರೆ ಆ ಚಿನ್ನವೂ ಸವೆದಿದೆ.

ಮುಚ್ಚಳ ತೆಗೆಸದೆ ಕೊಳ್ಳಲೇಬಾರದು. ಬಿಚ್ಚಬೇಕಾದವನು ಅಂಗಡಿಯವನು, ಕೊಳ್ಳುವವನಲ್ಲ. ‘ಅದೆಲ್ಲ ಬೇಡ ಸಾರ್, ಒಳಗೆ ಧೂಳು ಹೋಗುತ್ತೆ’ ಎಂದರೆ ನಮಸ್ಕಾರ ಹೇಳಿ ಎದ್ದು ಬರಬಹುದು. ಆ ಕಾಲದ ಒಮೆಗಾ ಯಂತ್ರಕ್ಕೆ ತಾಮ್ರದಂಥ ಕೆಂಪು ಲೇಪವಿರುತ್ತದೆ. ಅದರ ಮೇಲಿನ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ಅಂದಾಜು ಮಾಡಬಹುದು. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಒರಟು ಕೈಗಳು ಒಳಗೆ ಆಡಿವೆ. ತುಕ್ಕಿನ ಕಲೆ ಕಂಡರೆ ನೀರು ಹೊಕ್ಕಿದೆ. ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೂ ಅದು ಅರವತ್ತು ವರ್ಷದ ಹಿಂದಿನ ಮಾತು. ರಬ್ಬರಿನ ಬಳೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಮಳೆಯಲ್ಲಿ ಸ್ಕೂಟರ್ ಓಡಿಸುವ ದಿನ ಇಂಥ ವಾಚು ಬೀರುವಿನಲ್ಲೇ ಇರಲಿ.

ವಾಚು ದಿಢೀರನೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಕಾಂತತ್ವ ತಗುಲಿರಬಹುದು. ಸ್ಪೀಕರಿನ ಬಳಿಯೋ ಫ್ರಿಜ್ಜಿನ ಬಾಗಿಲಿನ ಬಳಿಯೋ ಇಟ್ಟಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಅದರ ಉದ್ದ ಕಡಿಮೆಯಾದಂತಾಗುತ್ತದೆ, ಚಕ್ರ ಬೇಗ ಬೇಗ ಬಡಿಯುತ್ತದೆ. ಕಾಂತತ್ವ ತೆಗೆಯುವ ಸಣ್ಣ ಯಂತ್ರ ರಿಪೇರಿಯವರಲ್ಲಿ ಇರುತ್ತದೆ. ಒಂದು ನಿಮಿಷದ ಕೆಲಸ.

ಇನ್ನು ಪಾಲಕರು ನಿಜವಾಗಿಯೂ ಗಮನಿಸಬೇಕಾದ ಒಂದು ವಿಷಯ. ಕತ್ತಲಲ್ಲಿ ಹೊಳೆಯಲೆಂದು ಹಳೆಯ ವಾಚುಗಳ ಅಂಕಿ ಮತ್ತು ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅರವತ್ತರ ದಶಕದವರೆಗೂ ಇದು ನಡೆಯಿತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಎಳೆಯ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಹಚ್ಚುತ್ತಿದ್ದರು. ಕ್ಯಾಲ್ಸಿಯಂನ ಗುಂಪಿಗೇ ಸೇರಿದ ರೇಡಿಯಂ ಅವರ ಮೂಳೆಗಳಲ್ಲಿ ಸೇರಿಕೊಂಡಿತು. ದವಡೆ ಕೊಳೆತು ಹಲವರು ಸತ್ತರು. ಬದುಕುಳಿದ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು.

ಇಂದು ಆ ಡಯಲುಗಳು ಹೊಳೆಯುವುದಿಲ್ಲ. ಆದ್ದರಿಂದ ಅಪಾಯ ತೀರಿತೆಂದು ಭಾವಿಸುವುದು ತಪ್ಪು. ಸೋತಿರುವುದು ಬಣ್ಣದಲ್ಲಿದ್ದ ಸತುವಿನ ಸಲ್ಫೈಡ್. ರೇಡಿಯಂನ ಅರ್ಧಾಯು ಸುಮಾರು 1,600 ವರ್ಷ. ಎಪ್ಪತ್ತು ವರ್ಷದಲ್ಲಿ ಅದು ನೂರಕ್ಕೆ ಮೂರರಷ್ಟು ಮಾತ್ರ ಕಡಿಮೆಯಾಗಿದೆ. ಮುಚ್ಚಿದ ವಾಚನ್ನು ಕೈಗೆ ಕಟ್ಟಿಕೊಂಡರೆ ಆಗುವ ಅಪಾಯ ಅಲ್ಪ. ಆದರೆ ಬಿಚ್ಚಿ ಕೆರೆದು, ಆ ಪುಡಿ ಉಸಿರಿಗೋ ಬಾಯಿಗೋ ಹೋದರೆ ಅದು ಬೇರೆಯೇ ಮಾತು. ವಾಚು ಬಿಚ್ಚಿ ನೋಡುವ ಕುತೂಹಲ ಯಾವ ಮಗುವಿಗಿಲ್ಲ? ಅಂಕಿಗಳ ಮೇಲೆ ಕಂದಿದ ಹಳದಿ ಅಥವಾ ಕಂದು ಮೆತ್ತುವಿಕೆ ಕಂಡ ಹಳೆಯ ವಾಚನ್ನು ಮಕ್ಕಳ ಕೈಗೆ ಕೊಡಬೇಡಿ, ದಿಂಬಿನ ಕೆಳಗೂ ಇಡಬೇಡಿ. ಆರರ ಪಕ್ಕ ಇಂಗ್ಲಿಷಿನ ‘ಟಿ’ ಅಕ್ಷರವಿದ್ದರೆ ಅದು ಟ್ರಿಟಿಯಂ. ಅದರ ಅರ್ಧಾಯು ಹನ್ನೆರಡು ವರ್ಷ ಚಿಲ್ಲರೆ. ಅರವತ್ತರ ದಶಕದ ಟ್ರಿಟಿಯಂ ಈಗ ಬಹುಪಾಲು ಕರಗಿಹೋಗಿದೆ. ಮೊದಲ ವಾಚಿಗೆ ಹೊಳೆಯುವ ಬಣ್ಣವೇ ಇಲ್ಲದ ಸರಳ ಡಯಲನ್ನು ಆರಿಸುವುದು ಎಲ್ಲಕ್ಕಿಂತ ನೆಮ್ಮದಿ.

ಇಷ್ಟೆಲ್ಲ ತಿಳಿದೂ ಮೋಸಹೋಗಬಹುದೇ? ಖಂಡಿತ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿನ ಬೆಲೆಗೆ ಹೋಯಿತು. ಚಂದ್ರನ ಮೇಲೆ ಆಲ್ಡ್ರಿನ್ ಕಟ್ಟಿಕೊಂಡಿದ್ದ ವಾಚಿನ ವಂಶದ ಮೊದಲ ಪೀಳಿಗೆ ಅದು. ಕಪ್ಪು ಡಯಲ್ ಕಾಲಕ್ರಮದಲ್ಲಿ ಕಂದಾಗಿದ್ದುದೇ ಅದರ ಆಕರ್ಷಣೆ. ಬಿಸಿಲಿಗೆ ಬಣ್ಣಗೆಟ್ಟದ್ದಕ್ಕೆ ಬೆಲೆ ಏರುವ ಲೋಕ ಇದೊಂದೇ ಇರಬೇಕು. ಕೊಂಡದ್ದು ಬೇರಾರೂ ಅಲ್ಲ, ತನ್ನ ಮ್ಯೂಸಿಯಮ್ಮಿಗಾಗಿ ಸ್ವತಃ ಒಮೆಗಾ ಕಂಪೆನಿ. 2023ರಲ್ಲಿ ಹೊರಬಿದ್ದ ಸಂಗತಿ ಬೇರೆ. ಅದು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಕಟ್ಟಿದ್ದು, ಇದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತು ಎಂದು ಕಂಪೆನಿಯೇ ಹೇಳಿತು. ತಯಾರಿಸಿದವರೇ ಏಮಾರಿದ ಮೇಲೆ ಹೊಸಬನು ಒಂದು ವಾರ ಯೋಚಿಸಿ, ನಾಲ್ಕು ಜನರಿಗೆ ತೋರಿಸಿ ಕೊಂಡರೆ ನಾಚಿಕೆಯೇನೂ ಇಲ್ಲ. ‘ಇವತ್ತೇ ತಗೊಳ್ಳಿ, ನಾಳೆ ಇರಲ್ಲ’ ಎನ್ನುವ ಮಾತಿಗೆ ಸೋಲದವನು ಅರ್ಧ ಗೆದ್ದಂತೆ. ಕೊಳ್ಳುವ ಹಣದ ಜೊತೆಗೆ ಸರ್ವಿಸಿನ ಹಣವನ್ನೂ ಮೊದಲೇ ತೆಗೆದಿಡಬೇಕು. ಒಣಗಿದ ಎಣ್ಣೆಯಲ್ಲಿ ಓಡುವ ವಾಚು ತನ್ನನ್ನೇ ತಾನು ಅರೆದುಕೊಳ್ಳುತ್ತದೆ.

ಕೈಯಲ್ಲಿ ಅಷ್ಟು ಹಣವಿಲ್ಲದ ವಿದ್ಯಾರ್ಥಿಗೆ ಇದೇ ಪಾಠ ಮನೆಯಲ್ಲೇ ಸಿಗಬಹುದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಜನತಾ, ಪೈಲಟ್, ಕೊಹಿನೂರ್ ವಾಚುಗಳು ಕರ್ನಾಟಕದ ಎಷ್ಟೋ ಬೀರುಗಳಲ್ಲಿ ಈಗಲೂ ಮಲಗಿವೆ. ಎಚ್‌ಎಂಟಿ ವಾಚು ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರಿನಲ್ಲಿ ಆ ಕಾಲದ ವಾಚುಗಳನ್ನು ಸಾಲಾಗಿ ನೋಡಬಹುದು. ಮೂಲ ಡಯಲ್ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ.

ಅಜ್ಜನ ವಾಚು ಸಿಕ್ಕರೆ ಮೆಲ್ಲಗೆ ಕೀ ಕೊಟ್ಟು, ಬಿಗಿ ಬಂದಾಗ ನಿಲ್ಲಿಸಿ, ಮುಖ ಮೇಲಾಗಿ ಒಂದು ದಿನ, ಕೀ ಕೆಳಗಾಗಿ ಒಂದು ದಿನ ಇಟ್ಟು ಫೋನಿನ ಗಡಿಯಾರದೊಡನೆ ಹೋಲಿಸಿ ಪುಸ್ತಕದಲ್ಲಿ ಬರೆದಿಡಿ. ಎರಡರ ನಡುವೆ ವ್ಯತ್ಯಾಸ ಏಕೆ ಬಂತೆಂದು ಮಕ್ಕಳು ತಾವೇ ಯೋಚಿಸಲಿ. ಆಮೇಲೆ ಸರ್ವಿಸಿಗೆ ಕೊಡುವಾಗ ಒಂದು ಮಾತು ಚೀಟಿಯಲ್ಲೇ ಬರೆಸಿರಿ: ಶುಚಿ ಮಾಡಿ ಎಣ್ಣೆ ಹಾಕುವುದು ಮಾತ್ರ, ಡಯಲ್ ಮುಟ್ಟಬಾರದು, ಬದಲಾಯಿಸಿದ ಹಳೆಯ ಭಾಗ ಯಾವುದಿದ್ದರೂ ಒಂದು ಪೊಟ್ಟಣದಲ್ಲಿ ಹಿಂದಕ್ಕೆ ಕೊಡಬೇಕು.