ಲೋಗೊದಲ್ಲಿ 'ಹುಬ್ಬಳ್ಳಿ' ಯಾವಾಗ?

2024ರ ಮಾರ್ಚ್ 19ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ತನ್ನ ಇಂಗ್ಲಿಷ್ ಹೆಸರಿನ ಕೊನೆಯ ಪದವನ್ನು 'ಬ್ಯಾಂಗಲೋರ್' ಬದಲು 'ಬೆಂಗಳೂರು' ಮಾಡಿಕೊಂಡಿತು. ಆ ರಾತ್ರಿ ನಮ್ಮ ಹಾಸ್ಟೆಲ್ ಹುಡುಗರ ಸ್ಟೇಟಸ್‌ಗಳಲ್ಲೆಲ್ಲ ಅದೇ ಸುದ್ದಿ. ಇದೇ ಕೆಲಸವನ್ನು ಒಂದು ಫುಟ್‌ಬಾಲ್ ಕ್ಲಬ್ ಹತ್ತು ವರ್ಷ ಮೊದಲೇ ಮಾಡಿತ್ತು ಎಂಬುದು ಮಾತ್ರ ಯಾರಿಗೂ ನೆನಪಿದ್ದಂತಿರಲಿಲ್ಲ.

2013ರ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ದಿನದಿಂದಲೇ ಇಂಗ್ಲಿಷ್‌ನಲ್ಲೂ 'ಬೆಂಗಳೂರು' ಎಂದೇ ಬರೆದುಕೊಂಡಿತು. ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅಂದರೆ ಸರ್ಕಾರಿ ಬೋರ್ಡಿಗಿಂತ ವರ್ಷದ ಮೊದಲೇ ಕ್ಲಬ್ಬು ಬದಲಾಗಿತ್ತು. ಆರ್‌ಸಿಬಿಯಾದರೋ 2020ರ ಫೆಬ್ರುವರಿಯಲ್ಲಿ ಹೊಸ ಲೋಗೊ ತಂದಾಗ ಸಿಂಹವನ್ನು ದೊಡ್ಡದು ಮಾಡಿತು, ಊರಿನ ಹೆಸರನ್ನು ಹಾಗೇ ಬಿಟ್ಟಿತು. ಚಿತ್ರ ಬದಲಿಸುವುದು ಸುಲಭ. ಹೆಸರು ಮುಟ್ಟಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಚಿತ್ರ ಯಾಕೆ ಪದೇ ಪದೇ ಬದಲಾಗುತ್ತದೆ ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಗಟೇನಲ್ಲ. ಬಟ್ಟೆಯ ಮೇಲೆ ದಾರದಲ್ಲಿ ಹೊಲಿಯುತ್ತಿದ್ದ ಲಾಂಛನ ಈಗ ಮೊಬೈಲ್ ಆ್ಯಪ್‌ನ ಚಿಕ್ಕ ಚೌಕದಲ್ಲಿ ಕಾಣಬೇಕು. ಗೆರೆ ಹೆಚ್ಚಾದಷ್ಟೂ ಅದು ಬರೀ ಕಲೆಯಂತೆ ಕಾಣುತ್ತದೆ. ಇಟಲಿಯ ಯುವೆಂಟಸ್ 2017ರಲ್ಲಿ ತನ್ನ ಹಳೆಯ ಗುರಾಣಿಯನ್ನು ಬಿಟ್ಟು ಬರೀ 'ಜೆ' ಅಕ್ಷರಕ್ಕೆ ಇಳಿದದ್ದು ಈ ಹೊಸ ಕಾಲಕ್ಕೆ ಹೊಂದಲೆಂದೇ. ನಮ್ಮ ಹಳ್ಳಿಯ ವಾಲಿಬಾಲ್ ತಂಡಗಳಿಗೆ ಇದು ಬೇರೆ ರೀತಿಯಲ್ಲಿ ಗೊತ್ತು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು, ಬಣ್ಣ ಹೆಚ್ಚಾದರೆ ಟಿ-ಶರ್ಟಿನ ರೇಟೂ ಹೆಚ್ಚು. ಹಾಗಾಗಿ ಹುಲಿ, ಹೋರಿ ಎಲ್ಲ ಹೋಗಿ ಕೊನೆಗೆ ಒಂದೇ ಬಣ್ಣದಲ್ಲಿ ಊರ ಹೆಸರು ಉಳಿಯುತ್ತದೆ.

ಆ ಉಳಿದದ್ದಕ್ಕೇ ಜನ ಜಗಳಕ್ಕೆ ನಿಲ್ಲುವುದು. ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ಬಿನ ಗುರುತು ನೀಲಿ ಹಕ್ಕಿ, ಬಣ್ಣವೂ ನೀಲಿ. 2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ ಅಂಗಿಯನ್ನು ಕೆಂಪು ಮಾಡಿ, ಲಾಂಛನದಲ್ಲಿ ಡ್ರ್ಯಾಗನ್ ಕೂರಿಸಿ, ಹಕ್ಕಿಯನ್ನು ಮೂಲೆಗೆ ತಳ್ಳಿದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗ್‌ಗೆ ಏರಿತು. ಅಭಿಮಾನಿಗಳು ಆಗಲೂ ಸುಮ್ಮನಾಗಲಿಲ್ಲ. 2015ರ ಜನವರಿಯಲ್ಲಿ ನೀಲಿ ಮರಳಿತು.

ನಮ್ಮ ದೇಶದ ಉದಾಹರಣೆ ಇನ್ನೂ ಸ್ವಾರಸ್ಯಕರ. 1889ರಲ್ಲಿ ಹುಟ್ಟಿದ ಕೋಲ್ಕತ್ತದ ಮೋಹನ್ ಬಾಗಾನ್‌ನ ಲಾಂಛನ ಹಾಯಿ ದೋಣಿ. 2020ರಲ್ಲಿ ಅದರ ಫುಟ್‌ಬಾಲ್ ತಂಡ ಎಟಿಕೆ ಜತೆ ವಿಲೀನವಾದಾಗ ದೋಣಿ ಉಳಿಯಿತು, ಆದರೆ ಹೆಸರಿನ ಮುಂದೆ 'ಎಟಿಕೆ' ಬಂದು ಕೂತಿತು. 'ಎಟಿಕೆ ತೆಗೆಯಿರಿ' ಎಂದು ಅಭಿಮಾನಿಗಳು ಪಟ್ಟು ಹಿಡಿದರು. 2023ರ ಮಾರ್ಚ್‌ನಲ್ಲಿ ಆ ತಂಡ ಐಎಸ್ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನೇ ಪೆನಾಲ್ಟಿಯಲ್ಲಿ ಸೋಲಿಸಿತು. ಗೆದ್ದ ಆ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಹೆಸರು ಬದಲಾವಣೆ ಘೋಷಿಸಿದರು. ಹೊಸ ಹೆಸರು 'ಮೋಹನ್ ಬಾಗಾನ್ ಸೂಪರ್ ಜೈಂಟ್'. ಲಖನೌ ಕ್ರಿಕೆಟ್ ತಂಡವೂ ಅವರದ್ದೇ ಎಂದು ಗೊತ್ತಿದ್ದವರಿಗೆ ಈ 'ಜೈಂಟ್' ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ. ಜಾಹೀರಾತು ಮುಂಬಾಗಿಲಿಂದ ಹೊರಹೋಗಿ ಹಿಂಬಾಗಿಲಿಂದ ಒಳಬಂತು, ಅಷ್ಟೆ.

ಇನ್ನು ನಮ್ಮ ಮನೆಯ ವಿಷಯ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹುಡುಗರಿಗೆ ಮಹಾರಾಜ ಟ್ರೋಫಿಯಲ್ಲಿ 'ನಮ್ಮದು' ಅನ್ನಲು ಇರುವುದು ಹುಬ್ಬಳ್ಳಿ ಟೈಗರ್ಸ್ ಒಂದೇ. 2014ರ ಪಟ್ಟಿಯಲ್ಲಿ ಹುಬ್ಬಳ್ಳಿಯೂ ಇತ್ತು. ರೈಲು ನಿಲ್ದಾಣದ ಬೋರ್ಡೂ ಈಗ ಹುಬ್ಬಳ್ಳಿಯೇ. ತಂಡದ ಇಂಗ್ಲಿಷ್ ಹೆಸರು ಮಾತ್ರ ಈಗಲೂ 'ಹುಬ್ಳಿ'. 2023ರ ಫೈನಲ್‌ನಲ್ಲಿ ನಾವು ಸೋಲಿಸಿದ ಮೈಸೂರಿನ ತಂಡದ್ದೂ ಹಳೆಯ ಸ್ಪೆಲ್ಲಿಂಗೇ. ಕಲಬುರಗಿಯ ತಂಡ ಇನ್ನೂ 'ಗುಲ್ಬರ್ಗಾ'. ಆದರೆ ಅದೇ ಟೂರ್ನಿಯಲ್ಲಿ ಬೆಂಗಳೂರು, ಮಂಗಳೂರು, ಶಿವಮೊಗ್ಗದ ತಂಡಗಳು ಹೊಸ ಹೆಸರಿನಲ್ಲೇ ಆಡುತ್ತವೆ.

ನಾವು ಯಾಕೆ ಕೇಳಲಿಲ್ಲ? ನನಗೆ ಹೊಳೆದ ಕಾರಣ ಇದು: ಕನ್ನಡ ಪತ್ರಿಕೆ ತೆರೆದರೆ ಅಲ್ಲಿ ಯಾವಾಗಲೂ 'ಹುಬ್ಬಳ್ಳಿ ಟೈಗರ್ಸ್' ಎಂದೇ ಇರುತ್ತದೆ. ಹೆಸರು ಸರಿಯಾಗಿಯೇ ಇದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಗೆಳೆಯನೊಬ್ಬನ ವಾದ ಬೇರೆ: 'ಬಸ್‌ಸ್ಟ್ಯಾಂಡಿನಾಗ ಕಂಡಕ್ಟರ್ ಹುಬ್ಳಿ ಹುಬ್ಳಿ ಅಂತನ ಒದರತಾನ, ಅದರಾಗೇನು ತಪ್ಪೈತಿ?' ತಪ್ಪೇನಿಲ್ಲ. ನಾನೂ ಹಾಗೇ ಅನ್ನುತ್ತೇನೆ. ಆದರೆ ಅವಸರದ ಮಾತು ಬೇರೆ, ಟಿವಿಯಲ್ಲಿ ದೇಶಕ್ಕೆಲ್ಲ ಕಾಣುವ ಬರಹ ಬೇರೆ. ನೌಕರಿಗೆ ಅರ್ಜಿ ಹಾಕುವವರಿಗೆ ಈ ತಾಪತ್ರಯ ಗೊತ್ತು. ಪರೀಕ್ಷಾ ಕೇಂದ್ರ ಹುಡುಕುವಾಗ ಒಮ್ಮೆ 'ಹುಬ್ಳಿ' ಟೈಪ್ ಮಾಡಬೇಕು, ಸಿಗದಿದ್ದರೆ 'ಹುಬ್ಬಳ್ಳಿ'.

'ಹೆಸರು ಬದಲಾದ್ರ ಕಪ್ ಬರತೈತೇನು?' ಎಂದೂ ಅವನು ಕೇಳಿದ. ಇಲ್ಲ. ಆರ್‌ಸಿಬಿ ಮಹಿಳೆಯರು ಕಪ್ ಗೆದ್ದದ್ದು 2024ರ ಮಾರ್ಚ್ 17ರಂದು, ಹಳೆಯ ಹೆಸರಿನಲ್ಲೇ, ಬದಲಾಗುವ ಎರಡು ದಿನ ಮೊದಲು. ಪುರುಷರು 2025ರಲ್ಲಿ ಗೆದ್ದರು, ಹೊಸ ಹೆಸರಿನಲ್ಲಿ. ಕಪ್ಪಿಗೂ ಇದಕ್ಕೂ ಸಂಬಂಧವಿಲ್ಲ.

ಖರ್ಚಿನ ಮಾತೂ ಬರುತ್ತದೆ. ಟ್ರೇಡ್‌ಮಾರ್ಕ್ ನೋಂದಣಿ ಹೊಸದಾಗಿ ಮಾಡಿಸಬೇಕು, ಬ್ಯಾನರ್ ಬದಲಿಸಬೇಕು, ನಿಜ. ಆದರೆ ಜೆರ್ಸಿಯನ್ನಂತೂ ಪ್ರತಿ ವರ್ಷ ಟೂರ್ನಿಗೆ ಮುಂಚೆ ಹೊಸದಾಗಿ ಹೊಲಿಸುತ್ತಾರೆ. ಹುಲಿಯನ್ನು ಯಾರೂ ಮುಟ್ಟಬೇಕಿಲ್ಲ. ಅದರ ಜೊತೆ ಬರೆಯುವ ಊರಿನ ಹೆಸರಿಗೆ ಮೂರು ಇಂಗ್ಲಿಷ್ ಅಕ್ಷರ ಹೆಚ್ಚಿಗೆ ಸೇರಿಸಿದರೆ ಸಾಕು.